ಮಡಿಕೆಯೊಳಗಿನ ಉರಿ

ಅಕ್ಕ ರೊಟ್ಟಿ ಬಡಿಯುವಾಗ ಎದುರು ಕುಳಿತವರ ಕಣ್ಣಿಗೆ ಎರಡು ಬೀಳುತ್ತವೆ. ಅಂಗೈ ಕೆಳಗೆ ತಿರುಗುತ್ತ ತಿರುಗುತ್ತ ತೆಳುವಾಗುವ ಜೋಳದ ಹಿಟ್ಟು, ಮತ್ತು ಒಂದೊಂದು ಬಡಿತಕ್ಕೂ ಅತ್ತಿತ್ತ ತೂಗಾಡುವ ಅವಳ ರಟ್ಟೆಯ ಕೆಳಗಿನ ಚರ್ಮ. ಕಲಬುರಗಿಯ ಎರಡು ಖಾನಾವಳಿಗಳಿಗೆ ದಿನಕ್ಕೆ 150 ರೊಟ್ಟಿ ಕೊಡುವ ಕೈ ಅದು. ಸಕ್ಕರೆ ಕಾಯಿಲೆ ಗೊತ್ತಾದ ಮೇಲೆ ಎರಡೂವರೆ ವರ್ಷದಲ್ಲಿ ಅವಳು 97 ಕಿಲೋದಿಂದ 64ಕ್ಕೆ ಇಳಿದಳು. ನಸುಕಿನಲ್ಲಿ ಅಪ್ಪನ ಕೆರೆಯ ದಂಡೆಯಲ್ಲಿ ನಡಿಗೆ, ಊಟಕ್ಕೆ ಒಂದೂವರೆ ರೊಟ್ಟಿ, ಗಟ್ಟಿ ಬೇಳೆ, ಪುಂಡಿ ಪಲ್ಯ. ಹಬ್ಬದ ಹೋಳಿಗೆಯನ್ನೂ ಮುಟ್ಟಲಿಲ್ಲ. ಕೊಬ್ಬು ಕರಗಿತು, ಚರ್ಮ ಮಾತ್ರ ಹಾಗೆಯೇ ಜೋತುಬಿತ್ತು.

ಕಳೆದ ವರ್ಷ ಮದುವೆಯೊಂದರಲ್ಲಿ ಚಿಗವ್ವ ಅವಳ ತೋಳು ಹಿಡಿದು ಎಳೆದು ನೋಡಿ, "ಏನವ್ವ, ಹೀಗೆ ಸೊರಗಿಬಿಟ್ಟೆ? ಮೈ ತುಂಬಿಕೊಂಡಿದ್ದಾಗಲೇ ಲಕ್ಷಣವಾಗಿದ್ದೆ" ಎಂದರು. ಅಕ್ಕ ಸೆರಗು ಎಳೆದುಕೊಂಡಳು. ನನಗೆ ಇಂದಿಗೂ ಸಿಟ್ಟು ಇಳಿದಿಲ್ಲ. ಎರಡೂವರೆ ವರ್ಷದ ಶಿಸ್ತನ್ನು ಒಂದು ಮಾತಿನಲ್ಲಿ ತೊಡೆದು ಹಾಕುವ ಹಕ್ಕು ಯಾರಿಗಿದೆ?

ಚರ್ಮ ಯಾಕೆ ಹಿಂದಕ್ಕೆ ಸರಿಯುವುದಿಲ್ಲ ಎಂಬುದಕ್ಕೆ ಸೋಮಾರಿತನ ಕಾರಣವಲ್ಲ. ಚರ್ಮದ ಒಳಪದರದಲ್ಲಿ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ: ಕೊಲಾಜೆನ್ ಬಿಗಿ ಕೊಡುತ್ತದೆ, ಎಲಾಸ್ಟಿನ್ ಹಿಗ್ಗಿದ್ದನ್ನು ಮತ್ತೆ ಕುಗ್ಗಿಸುತ್ತದೆ. ಈ ಎಲಾಸ್ಟಿನ್ ಬಹುಪಾಲು ತಾಯಿಯ ಗರ್ಭದಲ್ಲಿ ಮತ್ತು ಬಾಲ್ಯದಲ್ಲೇ ತಯಾರಾಗಿಬಿಡುತ್ತದೆ. ಇಪ್ಪತ್ತು ವರ್ಷ ಹಿಗ್ಗಿ ನಿಂತ ಚರ್ಮದಲ್ಲಿ ಅದರ ಎಳೆಗಳು ಹರಿದರೆ ಮೊದಲಿನಂತೆ ಕೂಡಿಕೊಳ್ಳುವುದಿಲ್ಲ. ವಯಸ್ಸು, ಹೆರಿಗೆಗಳು, ಬಿಸಿಲು, ಬೀಡಿ ಸಿಗರೇಟು, ವಂಶದ ಗುಣ ಎಲ್ಲವೂ ಇದರಲ್ಲಿ ಪಾಲುದಾರರು. ಇಪ್ಪತ್ತೈದರ ಹುಡುಗಿ ಹತ್ತು ಕಿಲೋ ಇಳಿಸಿದ್ದಕ್ಕೂ ಮೂರು ಹೆತ್ತ ಐವತ್ತರ ಹೆಂಗಸು ಮೂವತ್ತಮೂರು ಕಿಲೋ ಇಳಿಸಿದ್ದಕ್ಕೂ ಹೋಲಿಕೆಯೇ ಇಲ್ಲ.

ಆದರೆ ನಾನು ಬರೆಯಲು ಕುಳಿತದ್ದು ಅಂದಚಂದದ ಬಗ್ಗೆ ಅಲ್ಲ.

ಈ ವರ್ಷದ ಮೇ ತಿಂಗಳು. ಹೊರಗೆ 42 ಡಿಗ್ರಿ ದಾಟಿದ ಬಿಸಿಲು, ಒಳಗೆ ಒಲೆಯ ಝಳ. ಅಕ್ಕ ರೊಟ್ಟಿ ಬಡಿಯುತ್ತಿದ್ದವಳು ನಡುನಡುವೆ ಎದ್ದು ಒಳಕೋಣೆಗೆ ಹೋಗುತ್ತಿದ್ದಳು. ಬಲವಂತ ಮಾಡಿ ಕೇಳಿದಾಗ ತೋರಿಸಿದಳು. ಹೊಕ್ಕುಳ ಕೆಳಗೆ ಜೋತುಬಿದ್ದ ಮಡಿಕೆಯನ್ನು ಎತ್ತಿದರೆ ಒಳಗೆಲ್ಲ ಹಸಿ ಮಾಂಸದಂತೆ ಕೆಂಪು, ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ, ಲಂಗದ ಲಾಡಿ ಒತ್ತುವ ಕಡೆ ಸೀಳು. ಎರಡು ತಿಂಗಳಿನಿಂದ ಹೀಗಿತ್ತು. "ಇಂಥ ಜಾಗವನ್ನು ಯಾರಿಗೆ ತೋರಿಸಲಿ, ತಂಗಿ?" ಎಂದಳು.

ತೋರಿಸುವ ಬದಲು ಔಷಧದ ಅಂಗಡಿಯಲ್ಲಿ ಹುಳುಕಡ್ಡಿಗೆಂದು ಕೊಟ್ಟ ಒಂದು ಟ್ಯೂಬ್ ಹಚ್ಚಿಕೊಂಡಿದ್ದಳು. ಮೂರು ದಿನದಲ್ಲಿ ತುರಿಕೆ ನಿಂತಿತ್ತು, ಬಿಟ್ಟ ವಾರಕ್ಕೆ ದುಪ್ಪಟ್ಟಾಗಿ ಮರಳಿತ್ತು. ಮತ್ತೆ ಟ್ಯೂಬ್, ಮತ್ತೆ ಉರಿ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದು ತುರಿಕೆಯನ್ನು ಅಡಗಿಸಿ ಶಿಲೀಂಧ್ರಕ್ಕೆ ಬೆಳೆಯಲು ಅನುಕೂಲ ಮಾಡಿಕೊಡುತ್ತದೆ. ಬಹಳ ದಿನ ಹಚ್ಚಿದರೆ ಮೊದಲೇ ಸೋತ ಚರ್ಮವನ್ನು ಇನ್ನಷ್ಟು ತೆಳುವಾಗಿಸಿ ಸೀಳುಗೆರೆ ಮೂಡಿಸುತ್ತದೆ. ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ನಿಯಮ ಬಿಗಿ ಮಾಡಿದೆ. ಆದರೂ ಅಕ್ಕನಿಗೆ ಯಾರೂ ಚೀಟಿ ಕೇಳಲಿಲ್ಲ.

ಚರ್ಮರೋಗ ತಜ್ಞೆ ಒಂದೇ ನೋಟಕ್ಕೆ ಹೇಳಿದರು. ಚರ್ಮಕ್ಕೆ ಚರ್ಮ ಉಜ್ಜಿ, ಬೆವರು ಆರದೆ ನಿಂತರೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಅಲ್ಲಿ ಬೀಡು ಬಿಡುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೆ ಅದಕ್ಕೆ ಇನ್ನೂ ಅನುಕೂಲ. ಟ್ಯೂಬ್ ನಿಲ್ಲಿಸಿದರು, ಶಿಲೀಂಧ್ರನಾಶಕ ಬರೆದುಕೊಟ್ಟರು. ಸ್ನಾನವಾದ ಮೇಲೆ ಉಜ್ಜದೆ ಒತ್ತಿ ಒತ್ತಿ ಒರೆಸಿ ಪೂರ್ತಿ ಆರಿಸಬೇಕು, ಲಾಡಿಯನ್ನು ಮಡಿಕೆಗಿಂತ ಮೇಲೆ ಸಡಿಲವಾಗಿ ಕಟ್ಟಬೇಕು ಎಂದರು. ಮಡಿಕೆಯ ನಡುವೆ ಇಡಲು ನಮ್ಮ ಅಪ್ಪನ ಹಳೆಯ ಧೋತರವನ್ನು ಹರಿದು ಹನ್ನೆರಡು ಪಟ್ಟಿ ಮಾಡಿದೆವು. ಒದ್ದೆಯಾದ ಕೂಡಲೇ ಬದಲಿಸುತ್ತಾಳೆ. ಮೂರು ವಾರದಲ್ಲಿ ಉರಿ ಇಳಿಯಿತು.

ಜೋತ ಚರ್ಮದ ಮಾತು ಬಂದರೆ ಸಾಕು, ನಮ್ಮವರು ಸೌಂದರ್ಯದ ಚಪಲ ಎಂದು ತಳ್ಳಿಹಾಕುತ್ತಾರೆ. ಆ ಮಾತಿಗೆ ಅಂಜಿ ಹೆಂಗಸರು ಮಡಿಕೆಯೊಳಗಿನ ಹುಣ್ಣನ್ನೂ ಬಚ್ಚಿಡುತ್ತಾರೆ. ಇದು ನಿಲ್ಲಬೇಕು.

ಇನ್ನು ಚರ್ಮ ಬಿಗಿಯಾಗಲೆಂದು ಮೊಬೈಲ್ ತುಂಬ ಬರುವ ಜಾಹೀರಾತುಗಳು. ಇಷ್ಟು ಹಿಗ್ಗಿದ ಚರ್ಮವನ್ನು ಯಾವ ಎಣ್ಣೆಯೂ ಯಾವ ಕ್ರೀಮೂ ಒಳಕ್ಕೆ ಎಳೆಯಲಾರದು. ಕ್ರೀಮಿನ ಕೊಲಾಜೆನ್ ಮೇಲ್ಪದರ ದಾಟಿ ಒಳಗಿಳಿಯುವುದೇ ಇಲ್ಲ. ಹೊಟ್ಟೆಗೆ ಬಿಗಿಯುವ ಬೆಲ್ಟ್ ನಮ್ಮ ಸೆಕೆಯಲ್ಲಿ ಬೆವರನ್ನು ಕೂಡಿಹಾಕುತ್ತದೆ, ಅಷ್ಟೇ. ರೇಡಿಯೋ ತರಂಗದಿಂದ ಚರ್ಮದ ಒಳಪದರವನ್ನು ಬಿಸಿ ಮಾಡುವ ಚಿಕಿತ್ಸೆ ಅಲ್ಪಸ್ವಲ್ಪ ಸಡಿಲವಾದವರಿಗೆ ತುಸು ನೆರವಾಗಬಹುದು, ಅಕ್ಕನಂಥವರಿಗಲ್ಲ. ಭಾರ ಎತ್ತುವ ವ್ಯಾಯಾಮದ ಬಗ್ಗೆ ನನಗೆ ನಂಬಿಕೆಯಿದೆ. ಚರ್ಮ ಕುಗ್ಗದಿದ್ದರೂ ಕೆಳಗೆ ಸ್ನಾಯು ತುಂಬಿದರೆ ತೋಳಿಗೊಂದು ಆಕಾರ ಬರುತ್ತದೆ. ಅದಕ್ಕೆ ಪ್ರೋಟೀನ್ ಬೇಕು, ಬೇಯಿಸದ 100 ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಇದೆ, ನಮ್ಮ ನೆಲದಲ್ಲಿ ಅದಕ್ಕೇನೂ ಬರವಿಲ್ಲ. ಹೆರಿಗೆಯ ನಂತರ ಉಬ್ಬಿದ ಹೊಟ್ಟೆಯಲ್ಲಿ ಕೆಲವೊಮ್ಮೆ ಚರ್ಮಕ್ಕಿಂತ ನಡುವಿನ ಸ್ನಾಯುಗಳು ಅಗಲಿರುವುದೇ ಕಾರಣವಾಗಿರುತ್ತದೆ. ಅದನ್ನೂ ಒಮ್ಮೆ ತೋರಿಸಿಕೊಳ್ಳಿ.

ಹೆಚ್ಚುವರಿ ಚರ್ಮವನ್ನು ನಿಜವಾಗಿ ತೆಗೆಯುವುದು ಶಸ್ತ್ರಚಿಕಿತ್ಸೆ ಮಾತ್ರ. ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಂತಿರಬೇಕು, ಸಕ್ಕರೆ ಹಿಡಿತದಲ್ಲಿರಬೇಕು. ಹೊಟ್ಟೆಯ ಚರ್ಮ ತೆಗೆದರೆ ಸೊಂಟದ ಈ ತುದಿಯಿಂದ ಆ ತುದಿಯವರೆಗೆ ಗಾಯದ ಗೆರೆ ಉಳಿಯುತ್ತದೆ. ಒಳಗೆ ನೀರು ತುಂಬುವುದು, ಗಾಯ ಬೇಗ ಮಾಯದಿರುವುದು, ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟುವುದು, ಈ ಅಪಾಯಗಳೂ ಇವೆ. ಚಂದಕ್ಕಾಗಿ ಮಾಡಿಸುವ ಶಸ್ತ್ರಚಿಕಿತ್ಸೆಗೆ ವಿಮೆ ಸಿಗುವುದಿಲ್ಲ; ಆರೋಗ್ಯಕ್ಕೆ ಅಗತ್ಯ ಎಂದು ವೈದ್ಯರು ಬರೆದುಕೊಡಬೇಕು. ಹಾಗಾಗಿ ದದ್ದು ಎದ್ದಾಗಲೆಲ್ಲ ತೋರಿಸಿ ಚೀಟಿಗಳನ್ನು ಜೋಪಾನವಾಗಿಡಿ.

ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. ರೊಟ್ಟಿ ಲೆಕ್ಕದ ವಹಿಯ ಕೊನೆಯ ಹಾಳೆಯಲ್ಲಿ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಬರೆದಿಟ್ಟಿದ್ದಾಳೆ. ಖರ್ಚು ಎಷ್ಟು, ಗೆರೆ ಎಷ್ಟು ಉದ್ದ, ದದ್ದು ಮತ್ತೆ ಬರುತ್ತದೆಯೇ. ಕೊನೆಯ ಪ್ರಶ್ನೆ ನನಗೆ: ಆರು ವಾರ ಭಾರ ಎತ್ತಬಾರದಂತೆ, ಅಲ್ಲಿಯವರೆಗೆ ದಿನದ 150 ರೊಟ್ಟಿ ಯಾರು ಬಡಿಯುತ್ತಾರೆ? ನಾನು ಕಲಿಯಲು ಶುರುಮಾಡಿದ್ದೇನೆ. ನಿನ್ನೆಗೆ ನಲವತ್ತಾಯಿತು.