ಬಾಡಿಗೆ ಬರೋದು ತಿಂಗಳಿಗೊಮ್ಮೆ, ನೀರು ಬರೋದು ಹೇಳ್ದೆ ಕೇಳ್ದೆ

ಒಂದೋ ಎರಡೋ ಮನೆ ತಗೊಂಡು ಬಾಡಿಗೆಗೆ ಬಿಟ್ಬಿಟ್ರೆ ಮುಗೀತು, ಆಮೇಲೆ ಕೂತಲ್ಲೇ ದುಡ್ಡು ಬರ್ತಾನೇ ಇರುತ್ತೆ ಅಂತ ಹೇಳೋರೆಲ್ಲ ಒಂದ್ಸಲ ಬಾಡಿಗೆದಾರರ ಫೋನ್ ಎತ್ತಿ ನೋಡ್ಬೇಕು. ಬಾಡಿಗೆ ಹಾಕಿದೀನಿ ಅನ್ನೋಕೆ ಯಾರೂ ಫೋನ್ ಮಾಡಲ್ಲ, ಅದಕ್ಕೆ ಮೆಸೇಜ್ ಸಾಕು. ಫೋನೇ ಬಂತು ಅಂದ್ರೆ ನೀರಿನ ವಿಷ್ಯ ಅಂತಾನೇ ಲೆಕ್ಕ, ಬರಬಾರದ ಜಾಗದಲ್ಲಿ ಬರ್ತಿರುತ್ತೆ ಇಲ್ಲಾ ಬರಬೇಕಾದ ಜಾಗದಲ್ಲಿ ಬರ್ತಿರಲ್ಲ. ಎರಡು ಪುಟಾಣಿ ಮನೆಗಳ ಓನರ್ ಆಗಿ ಹೇಳ್ತೀನಿ, ಬಾಡಿಗೆದಾರರ ಜೊತೆ ಜಗಳ ಅಪರೂಪ, ನೀರಿನ ಜೊತೆ ಮಾತ್ರ ಮುಗಿಯದ ವ್ಯಾಜ್ಯ.

"ಸರ್, ಬೆಡ್‌ರೂಮ್ ಸೀಲಿಂಗಲ್ಲಿ ಚಿಕ್ಕದೊಂದು ಕಲೆ" ಅಂತ ಫೋನ್ ಬಂತು. ಹೋಗಿ ನೋಡಿದ್ರೆ ಮಂಚದಷ್ಟು ಅಗಲ ಇದೆ, ಕೆಳಗೆ ಮಂಚಾನ ಆಗಲೇ ಪಕ್ಕಕ್ಕೆ ಎಳೆದಿದ್ದಾರೆ. ಪೇಂಟರ್ ಬಂದವನು ಇದೇನ್ ಮಹಾ ಸರ್, ಎರಡು ಕೋಟ್ ಹೊಡೆದ್ರೆ ಕಾಣೋದೇ ಇಲ್ಲ ಅಂದ, ಹೊಡೆದ, ನಿಜವಾಗ್ಲೂ ಕಾಣ್ಲಿಲ್ಲ, ಸ್ವಲ್ಪ ದಿನ ಆದ್ಮೇಲೆ ಆ ಹೊಸ ಪೇಂಟೇ ಬೊಬ್ಬೆ ಎದ್ದು ಹಪ್ಪಳದ ಥರ ಉದುರೋಕೆ ಶುರುವಾಯ್ತು. ಪೇಂಟರ್‌ನ ಕೇಳಿದ್ರೆ "ಕಲೆ ಬಂತಾ ಸರ್? ಇಲ್ವಲ್ಲ" ಅಂತ ನನ್ನೇ ವಾಪಸ್ ಕೇಳ್ದ. ಪೇಂಟೇ ಇಲ್ಲದ ಮೇಲೆ ಕಲೆ ಎಲ್ಲಿಂದ ಬರಬೇಕು.

ಕಲೆ ಇರೋ ಜಾಗದ ನೇರ ಮೇಲೇ ಲೀಕ್ ಇರಬೇಕು ಅಂತೇನಿಲ್ಲ. ನೀರು ಸ್ಲ್ಯಾಬ್ ಮೇಲೆ, ಪೈಪ್ ಮೇಲೆ, ವೈರಿಂಗ್ ಪೈಪ್ ಒಳಗೆ ಇಳಿಜಾರು ಹುಡುಕ್ಕೊಂಡು ಹೋಗಿ ಎಲ್ಲೋ ಸಿಕ್ಕ ಬಿರುಕಲ್ಲಿ ಇಳಿಯುತ್ತೆ. ಅದಕ್ಕೇ ಮೊದ್ಲು ಮೇಲಿನ ಮನೆಯ ಎಲ್ಲ ನಲ್ಲಿ ನಿಲ್ಲಿಸಿ ಅವರ ನೀರಿನ ಮೀಟರ್ ನೋಡ್ಬೇಕು. ಆಗ್ಲೂ ತಿರುಗ್ತಿದ್ರೆ ನೀರು ಬರೋ ಪೈಪಲ್ಲೇ ಲೀಕು. ತಿರುಗದೇ ಇದ್ರೆ ಹೆಚ್ಚಾಗಿ ನೀರು ಹೋಗೋ ಪೈಪು ಇಲ್ಲಾ ಬಾತ್‌ರೂಮ್ ನೆಲದ ವಾಟರ್‌ಪ್ರೂಫಿಂಗು. ನೆಲಾನ ಪರೀಕ್ಷೆ ಮಾಡೋಕೆ ನೀರು ಹೋಗೋ ತೂತು ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಗುರುತು ಹಾಕಿ 24 ಗಂಟೆ ಬಿಡಬೇಕು.

ಇದನ್ನ ಹೇಳಿದಷ್ಟು ಸುಲಭಕ್ಕೆ ಮೇಲಿನ ಮನೆಯವರ ಹತ್ರ ಮಾಡಿಸೋಕಾಗಲ್ಲ. ಅವರು ಬಾಗಿಲು ತೆಗೆದು, "ನಮ್ಮಲ್ಲಿ ಲೀಕೇ ಇಲ್ಲ ರೀ, ಬೇಕಾದ್ರೆ ನಮ್ಮ ನೆಲ ನೋಡಿ, ಎಷ್ಟು ಒಣಗಿದೆ" ಅಂದ್ರು. ಒಣಗದೇ ಇನ್ನೇನು, ನೀರೆಲ್ಲ ನಮ್ಮಲ್ಲಿದೆಯಲ್ಲ! ಅಂತೂ ಒಪ್ಪಿದ್ರು. ಆದ್ರೆ "24 ಗಂಟೆ ನೀರು ನಿಲ್ಲಿಸಿದ್ರೆ ನಾವು ಸ್ನಾನ ಎಲ್ಲಿ ಮಾಡೋದು?" ಅಂತ ನ್ಯಾಯವಾದ ಪ್ರಶ್ನೇನೇ ಕೇಳಿದ್ರು. ಬಾಡಿಗೆದಾರರು ನನ್ನ ಮುಖ ನೋಡಿದ್ರು, ನಾನು ಪ್ಲಂಬರ್ ಮುಖ ನೋಡ್ದೆ, ಪ್ಲಂಬರ್ ಫೋನ್ ನೋಡ್ಕೊಂಡ. ಕೊನೆಗೆ ಮೇಲಿನವರು ಬಕೆಟ್ಟು ಟವೆಲ್ಲು ಹಿಡ್ಕೊಂಡು ಕೆಳಗಿನ ಮನೆಗೇ ಸ್ನಾನಕ್ಕೆ ಬಂದ್ರು, ಮಂಚ ಇಲ್ಲದ ಬೆಡ್‌ರೂಮ್ ನೋಡಿ ಅವರೇ "ಛೆ, ಇಷ್ಟೊಂದಾ!" ಅಂದ್ರು. ಲೀಕ್ ಅವರದ್ದೇ ನೆಲದ್ದು. ಸರಿ ಮಾಡಿಸಿದ್ಮೇಲೂ ಸ್ಲ್ಯಾಬ್ ಪೂರ್ತಿ ಒಣಗೋವರೆಗೂ ಪೇಂಟ್ ಮುಟ್ಟಬಾರದು, ಅದಕ್ಕೆ ವಾರಗಟ್ಟಲೆ ಬೇಕು. ಆ ಪೇಂಟರ್ ಮಾತ್ರ ಮಧ್ಯದಲ್ಲಿ "ಹೊಡೆದುಬಿಡ್ಲಾ ಸರ್" ಅಂತ ಕೇಳ್ತಾನೇ ಇದ್ದ.

ಇದೆಲ್ಲ ಲೆಕ್ಕದ ಹಾಳೇಲಿ ಇರಲ್ಲ. ಹಾಳೇಲಿ ಇರೋದು ತಿಂಗಳ ಬಾಡಿಗೆ ಇಂಟು 12, ಅದನ್ನ ಮನೆ ಬೆಲೆಯಿಂದ ಭಾಗಿಸಿದ್ರೆ ಶೇ. 5, ಆಹಾ. ರಿಪೇರಿಗೆ ಅಂತ ವರ್ಷಕ್ಕೆ ಮನೆ ಬೆಲೆಯ ಶೇ. 1ರಷ್ಟು ಎತ್ತಿಡಿ ಅನ್ನೋದು ಹಳೇ ಅಂದಾಜು. ಕೇಳೋಕೆ ಚಿಲ್ಲರೆ ಅನ್ಸುತ್ತೆ, ಆದ್ರೆ ಶೇ. 5 ಬಾಡಿಗೆ ಬರೋ ಮನೇಲಿ ಅದು ಬಾಡಿಗೆಯ ಐದನೇ ಒಂದು ಭಾಗ. ತೆರಿಗೆ, ಇನ್ಶೂರೆನ್ಸು, ಸಾಲದ ಬಡ್ಡಿ ಬೇರೆ. ವರ್ಷದಲ್ಲಿ ಒಂದೇ ಒಂದು ತಿಂಗಳು ಮನೆ ಖಾಲಿ ಬಿದ್ರೂ ವರ್ಷದ ಬಾಡಿಗೇಲಿ ಶೇ. 8ಕ್ಕಿಂತ ಜಾಸ್ತಿ ಹೋಯ್ತು.

ನಮ್ಮ ಸ್ನೇಹಿತರೊಬ್ರು ತುಂಬಾ ಖಡಕ್, ಬಾಡಿಗೆ ಶೇ. 5 ಏರಿಸಲೇಬೇಕು, ಒಪ್ಪದಿದ್ರೆ ಜಾಗ ಖಾಲಿ ಮಾಡಿ ಅಂದ್ರು. ಬಾಡಿಗೆದಾರರು ಮರುಮಾತಾಡದೆ ಖಾಲಿ ಮಾಡಿದ್ರು. ಮನೆ ಒಂದು ತಿಂಗಳು ಖಾಲಿ ಬಿತ್ತು, ಆಮೇಲೆ ಹೊಸಬರು ಏರಿಸಿದ ಬಾಡಿಗೆಗೇ ಬಂದ್ರು ಅಂತ ಇವರು ನನ್ನ ಮುಂದೆ ಮೀಸೆ ತಿರುವಿದ್ರು. ತಿಂಗಳಿಗೆ ಶೇ. 5ರ ಹಾಗೆ ಆ ಹೋದ ಒಂದು ತಿಂಗಳ ಬಾಡಿಗೆ ತೀರೋಕೇ 20 ತಿಂಗಳು ಬೇಕು ಅಂತ ಲೆಕ್ಕ ಹಾಕಿ ತೋರಿಸ್ದೆ. ಪೇಂಟು, ಬ್ರೋಕರ್ ಕಮಿಷನ್ ಇನ್ನೂ ಸೇರಿಸಿಲ್ಲ ಅಂದೆ. ಅವತ್ತಿಂದ ನನ್ನ ಫೋನ್ ಎತ್ತೋದನ್ನ ಕಮ್ಮಿ ಮಾಡಿದ್ದಾರೆ. ಹೊತ್ತಿಗೆ ಸರಿಯಾಗಿ ಬಾಡಿಗೆ ಕೊಟ್ಟು ಮನೆ ನೀಟಾಗಿ ಇಟ್ಕೊಳೋರು ಸಿಕ್ಕಿದ್ರೆ, ನನ್ನ ಕೇಳಿದ್ರೆ, ಏರಿಸೋ ವಿಷ್ಯದಲ್ಲಿ ಸ್ವಲ್ಪ ಕಿವುಡಾಗಿರೋದೇ ಲಾಭ.

ಖಾಲಿ ಮನೆಯದ್ದು ಇನ್ನೊಂದು ಕಥೆ. ನೋಡೋಕೆ ಬಂದೋರೆಲ್ಲ ಹಾಲ್ ಚೆನ್ನಾಗಿದೆ, ಗಾಳಿ ಬೆಳಕು ಚೆನ್ನಾಗಿದೆ ಅಂತಾರೆ, ಬಾತ್‌ರೂಮ್ ಬಾಗಿಲು ತೆಗೀತಿದ್ದ ಹಾಗೆ ಮೂಗು ಮುಚ್ಕೊಂಡು "ಮನೇಲಿ ಕೇಳಿ ಹೇಳ್ತೀವಿ" ಅಂತ ಮೆಟ್ಟಿಲು ಇಳೀತಾರೆ. ಫಿನಾಯಿಲ್ ಹಾಕಿದ್ದಾಯ್ತು, ಊದುಬತ್ತಿ ಹಚ್ಚಿದ್ದಾಯ್ತು. ಊದುಬತ್ತಿ ಹಚ್ಚಿದ್ಮೇಲಂತೂ ಬಂದೋರು ಇನ್ನೂ ಗಾಬರಿಯಿಂದ ಇಲ್ಲಿ ಮುಂಚೆ ಯಾರಿದ್ರು, ಏನಾಯ್ತು ಅಂತ ಕೇಳೋಕೆ ಶುರು ಮಾಡಿದ್ರು. ಪ್ಲಂಬರ್ ಬಂದು ಜಾಲರಿ ತೆಗೆದು ಒಂದು ಮಗ್ ನೀರು ಹುಯ್ದು ಕೈ ಒರೆಸಿಕೊಂಡ. ಅಷ್ಟೇ. ನೆಲದ ಜಾಲರಿ ಕೆಳಗಿನ ಟ್ರ್ಯಾಪಲ್ಲಿ ಯಾವಾಗ್ಲೂ ಸ್ವಲ್ಪ ನೀರು ನಿಂತಿರಬೇಕು, ಚರಂಡಿ ಗ್ಯಾಸ್ ಒಳಗೆ ಬರದ ಹಾಗೆ ತಡೆಯೋದು ಅದೇ. ಯಾರೂ ಬಳಸದಿದ್ರೆ ಅದು ಆರಿಹೋಗುತ್ತೆ. ಖಾಲಿ ಮನೆಗೆ ವಾರಕ್ಕೊಂದ್ಸಲ ಹೋಗಿ ಎಲ್ಲ ಜಾಲರಿಗೂ ನೀರು ಹುಯ್ದು, ಫ್ಲಶ್ ಮಾಡಿ ಬನ್ನಿ. ಬರಬಾರದ ಜಾಗದಲ್ಲೆಲ್ಲ ಇರೋ ನೀರು ಇರಬೇಕಾದ ಜಾಗದಲ್ಲಿ ಮಾತ್ರ ಇರಲ್ಲ ನೋಡಿ.

ಹೊಸಬರು ಬರೋಕೆ ಮುಂಚೆ ಗೋಡೆ, ಸಿಂಕ್ ಕೆಳಗೆ, ಕಿಟಕಿ ಗಾಜು, ಮೀಟರ್ ರೀಡಿಂಗ್ ಎಲ್ಲ ಅವರ ಎದುರೇ ಫೋಟೋ ತೆಗೆದು ಅವರಿಗೂ ಕಳಿಸಿ, ಅಗ್ರಿಮೆಂಟಲ್ಲಿ ಯಾವ ರಿಪೇರಿ ಯಾರದ್ದು ಅಂತ ಬರೆಸಿ. ಡೆಪಾಸಿಟ್ ವಾಪಸ್ ಕೊಡೋವಾಗಿನ ಅರ್ಧ ಜಗಳ ಅಲ್ಲೇ ಕಮ್ಮಿ ಆಗುತ್ತೆ. ಒಂದೇ ತೊಂದ್ರೆ, ಮದುವೆಮನೇಲಿ ನೆಂಟರಿಗೆ ಮಗಳ ಫೋಟೋ ತೋರಿಸ್ತೀನಿ ಅಂತ ಫೋನ್ ಕೊಟ್ರೆ ಅವರು ಬೆರಳು ಸರಿಸಿದಷ್ಟೂ ಕಮೋಡೇ ಬರುತ್ತೆ.

ಫೋನ್ ಮಾಡಿ ತಲೆ ತಿನ್ನೋ ಬಾಡಿಗೆದಾರರೇ ವಾಸಿ, ಫೋನೇ ಮಾಡದೇ ಇರೋರನ್ನ ಕಂಡ್ರೆ ನಂಗೆ ಭಯ. ಎರಡನೇ ಮನೇಲಿ ಅಂಥ ಸಂಭಾವಿತರಿದ್ದಾರೆ. ನಲ್ಲಿ ತೊಟ್ಟಿಕ್ತಿತ್ತು, ಕೆಳಗೆ ಬಕೆಟ್ ಇಟ್ಟಿದ್ರು. ಎಷ್ಟು ದಿನದಿಂದ ಅಂದ್ರೆ "ನಾವು ಬಂದಾಗಿಂದ ಸರ್, ನಿಮಗ್ಯಾಕೆ ತೊಂದ್ರೆ ಅಂತ ಹೇಳ್ಲಿಲ್ಲ" ಅಂದ್ರು. ಸೆಕೆಂಡಿಗೆ ಒಂದು ಹನಿ ಅಂದ್ರೂ ವರ್ಷಕ್ಕೆ ಸಾವಿರಾರು ಲೀಟರ್ ಆಗುತ್ತೆ, ಸರಿ ಮಾಡೋಕೆ ಬಹುಪಾಲು ಒಂದು ವಾಷರ್ ಸಾಕು. ಕಮೋಡ್ ಟ್ಯಾಂಕ್ ಲೀಕ್ ಆದ್ರಂತೂ ಸದ್ದೂ ಇರಲ್ಲ. ಟ್ಯಾಂಕಿಗೆ ಎರಡು ಹನಿ ಅಡುಗೆ ಬಣ್ಣ ಹಾಕಿ ಹತ್ತು ಹದಿನೈದು ನಿಮಿಷ ಫ್ಲಶ್ ಮಾಡದೇ ಬಿಟ್ಟು, ಕಮೋಡಲ್ಲಿ ಬಣ್ಣ ಕಂಡ್ರೆ ಲೀಕ್ ಇದೆ ಅಂತ. ಬಣ್ಣ ಹಾಕಿದ್ದನ್ನ ಮನೆಮಂದಿಗೆಲ್ಲ ಹೇಳಿ ಹಾಕಿ. ನಾನು ಯಜಮಾನರಿಗೆ ಮಾತ್ರ ಹೇಳಿದ್ದೆ, ಒಳಗೆ ಹೋದ ಅವರ ಅತ್ತೆ ಕೆಂಪು ನೀರು ನೋಡಿ ಡಾಕ್ಟರಿಗೆ ಫೋನ್ ಮಾಡ್ಬಿಟ್ಟಿದ್ರು.

ಈಗ ಆರು ತಿಂಗಳಿಗೊಮ್ಮೆ ಮೊದ್ಲೇ ತಿಳಿಸಿ ಎರಡೂ ಮನೆಗೆ ಹೋಗ್ತೀನಿ, ಸಿಂಕ್ ಕೆಳಗೆ ತಲೆ ಹಾಕಿ ಒಣ ಟಿಶ್ಯೂ ಪೇಪರಲ್ಲಿ ಪೈಪ್ ಜಾಯಿಂಟೆಲ್ಲ ಒರೆಸ್ತೀನಿ, ಒದ್ದೆ ಆದ್ರೆ ಅವತ್ತೇ ಪ್ಲಂಬರ್. ಮೊನ್ನೆ ಎಲ್ಲ ಒಣಗಿತ್ತು, ಖುಷಿಯಾಗಿ ಹೊರಡ್ತಿದ್ದೆ. ಮೆಟ್ಟಿಲ ಹತ್ರ ಮೇಲಿನ ಮನೆಯವರು ಸಿಕ್ಕಿ, ಹೊಸ ವಾಷಿಂಗ್ ಮಷೀನ್ ತಗೊಂಡಿದೀವಿ ರೀ, ಬನ್ನಿ ನೋಡಿ ಅಂತ ಪ್ರೀತಿಯಿಂದ ಕರೆದ್ರು.