ಭಾವನ ವಿಮಾನವಾಹಕ, ನನ್ನ ರಬ್ಬರ್ ಚಕ್ರ

ಕಳೆದ ಭಾನುವಾರ ಶಿರಸಿಯಿಂದ ಅಕ್ಕ, ಭಾವ, ಅಳಿಯ ಬಂದಿದ್ದರು. ಅಳಿಯನಿಗೆ ಹನ್ನೊಂದು ವರ್ಷ. ದೇವಿಮನೆ ಘಟ್ಟ ಇಳಿಯುವಾಗಿನಿಂದ ಅವನದ್ದು ಒಂದೇ ಹಠವಂತೆ, ವಿಕ್ರಮಾದಿತ್ಯ ಅನ್ನುವ ವಿಮಾನವಾಹಕ ಹಡಗು ನೋಡಬೇಕು. ಅದೇನು ಮಾರುತಿ ಗುಡಿಯಾ, ಹೋಗಿ ನಿಂತ ತಕ್ಷಣ ದರ್ಶನ ಸಿಗೋಕೆ? ನಾವು ಕಾರವಾರದವರೇ ಬಿಣಗಾ ದಾಟಿದ ಮೇಲೆ ಬಸ್ಸಿನ ಕಿಟಕಿಯಿಂದ ಕತ್ತು ಉದ್ದ ಮಾಡಿ, ನೌಕಾನೆಲೆಯ ಗೋಡೆ ಆಚೆ ಏನಾದರೂ ಕಂಡೀತಾ ಅಂತ ನೋಡುವವರು.

ಕೊನೆಗೆ ಟ್ಯಾಗೋರ್ ಕಡಲತೀರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಚಪಲ್ ಇದೆಯಲ್ಲ, ನಿವೃತ್ತಿ ಆಗಿ ದಡಕ್ಕೆ ಬಂದ ಕ್ಷಿಪಣಿ ದೋಣಿ. ಅಳಿಯ ಒಂದು ಸುತ್ತು ಹಾಕಿ ಬಂದು ಮುಖ ಸಣ್ಣದು ಮಾಡಿದ. "ಮಾವ, ಇಷ್ಟೇನಾ?"

ಇಷ್ಟೇ. ಉದ್ದ ನಲವತ್ತು ಮೀಟರಿಗೂ ಕಡಿಮೆ. ನಮ್ಮ ಬೈತಖೋಲ ಬಂದರಿನ ಎರಡು ಪರ್ಸಿನ್ ಮೀನುಗಾರಿಕೆ ಬೋಟು ಹಿಂದೆ ಮುಂದೆ ನಿಲ್ಲಿಸಿದರೆ ಹತ್ತಿರ ಹತ್ತಿರ ಅಷ್ಟಾಗುತ್ತದೆ.

ಒಂದು ಮಾತು ಮಧ್ಯದಲ್ಲಿ ಹೇಳಿಬಿಡುತ್ತೇನೆ. ಅಲ್ಲಿಗೆ ಬರುವ ಬಹಳ ಜನ "ಇದೇ ನೋಡು 1971ರಲ್ಲಿ ಕರಾಚಿ ಸುಟ್ಟ ಹಡಗು" ಅಂತ ಮಕ್ಕಳಿಗೆ ಹೇಳುತ್ತಾರೆ. ಭಾವನೂ ಹೇಳಿದರು. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಕಡೆ ಹೋದದ್ದು ಇದರ ಅಕ್ಕಂದಿರು. ನಿಪಾತ್, ನಿರ್ಘಾತ್, ವೀರ್. ಜೊತೆಗೆ ಕಿಲ್ತಾನ್, ಕಚ್ಚಲ್ ಅಂತ ಎರಡು ಸ್ವಲ್ಪ ದೊಡ್ಡ ಹಡಗು. ಆ ಮೂರು ಪುಟ್ಟ ದೋಣಿಗಳನ್ನು ರಷ್ಯಾದಿಂದ ತರಿಸಿದ್ದು ಬಂದರು ಕಾಯಲಿಕ್ಕೆ. ದೂರ ಓಡುವಷ್ಟು ಎಣ್ಣೆ ಅವುಗಳ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಆದರೂ ಆ ರಾತ್ರಿ ಪಾಕಿಸ್ತಾನದ ಖೈಬರ್ ಅನ್ನುವ ಡಿಸ್ಟ್ರಾಯರ್, ಅಂದರೆ ದೊಡ್ಡ ಯುದ್ಧನೌಕೆ, ಮುಳುಗಿತು, ಮುಹಾಫಿಜ್ ಅನ್ನುವ ಇನ್ನೊಂದು ಹಡಗೂ ಮುಳುಗಿತು. ಡಿಸೆಂಬರ್ 4 ನೌಕಾಪಡೆ ದಿನ ಆದದ್ದು ಅದಕ್ಕೇ.

ನನಗೆ ಚಪಲ್ ಮೇಲೆ ಇರುವ ಪ್ರೀತಿ ಮಾತ್ರ ಬೇರೆ ಕಾರಣಕ್ಕೆ. ನಾನು ಬೋಟಿನ ಇಂಜಿನ್ ರಿಪೇರಿ ಮಾಡುವವನು. ಈ ಜಾತಿಯ ದೋಣಿಗೆ ಮೂರು ಡೀಸೆಲ್ ಇಂಜಿನ್, ಒಂದೊಂದಕ್ಕೆ 56 ಸಿಲಿಂಡರ್. ಐವತ್ತಾರು! ನನ್ನ ಶೆಡ್ಡಿಗೆ ಬರುವ ಟ್ರಾಲ್ ಬೋಟಿನ ಇಂಜಿನಿಗೆ ಆರು. ಆ ಆರರಲ್ಲಿ ಒಂದು ಇಂಜೆಕ್ಟರ್ ಕೆಟ್ಟರೆ ಹುಡುಕಿ ತೆಗೆಯುವುದಕ್ಕೆ ನನ್ನ ಅರ್ಧ ದಿನ ಹೋಗುತ್ತದೆ. ನಡು ಸಮುದ್ರದಲ್ಲಿ, ಆ ಇಕ್ಕಟ್ಟಿನಲ್ಲಿ, ಆ ಸೆಕೆಯಲ್ಲಿ 56ರಲ್ಲಿ ಯಾವುದು ಕೆಮ್ಮುತ್ತಿದೆ ಅಂತ ಕಿವಿ ಕೊಟ್ಟು ಕೂತ ಆ ನಾವಿಕನನ್ನು ನೆನೆಸಿಕೊಂಡು ಕೈ ಮುಗಿಯುತ್ತೇನೆ.

ಮನೆಗೆ ಬಂದು ಬಂಗಡೆ ಸಾರು ಊಟ ಆದ ಮೇಲೆ ವಾದ ಶುರುವಾಯಿತು. ಭಾವನದು ಅಡಿಕೆ ತೋಟ. ಆದರೆ ರಾತ್ರಿ ಹತ್ತರ ಮೇಲೆ ಅವರು ಅಡ್ಮಿರಲ್. ಯೂಟ್ಯೂಬಿನಲ್ಲಿ ಯಾವ ದೇಶಕ್ಕೆ ಎಷ್ಟು ಹಡಗು ಅಂತ ಎಲ್ಲ ಬಾಯಿಪಾಠ.

"ಚೀನಾ ಮೂರನೇ ವಿಮಾನವಾಹಕ ತಂದಾಯ್ತು ಮಾರಾಯ. 2025ರ ನವೆಂಬರಿನಲ್ಲಿ ಫುಜಿಯಾನ್. ನಮ್ಮ ಹತ್ರ ಎರಡೇ. ಮೂರನೆಯದು ಬೇಕೇ ಬೇಕು. ನೀನು ಬೋಟು ರಿಪೇರಿ ಮಾಡುವವ, ನಿನಗೆ ಎಂತ ಗೊತ್ತು?"

ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. 2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಆದ ಗದ್ದಲದಲ್ಲಿ ನಮ್ಮ ಇನ್ನೊಂದು ವಿಮಾನವಾಹಕ ವಿಕ್ರಾಂತಿನ ತಂಡ ಅರಬ್ಬಿ ಸಮುದ್ರದಲ್ಲಿ ನಿಂತಿದ್ದರಿಂದ ಎದುರಿನವರ ಹಡಗುಗಳು ಬಂದರು ಬಿಟ್ಟು ಹೊರಗೆ ಬರಲಿಲ್ಲ ಅಂತ ನೌಕಾಪಡೆಯೇ ಹೇಳಿದೆ. ಆ ವರ್ಷ ದೀಪಾವಳಿಗೆ ಪ್ರಧಾನಿ ಬಂದದ್ದೂ ಅದೇ ಹಡಗಿಗೆ, ಇಲ್ಲೇ ಗೋವಾ ಕಾರವಾರ ಎದುರಿನ ಸಮುದ್ರದಲ್ಲಿ. ಹೆದರಿಸುವ ಶಕ್ತಿ ದೊಡ್ಡ ಹಡಗಿಗೆ ಇದೆ. ಒಪ್ಪಿದೆ.

ಆದರೆ ಲೆಕ್ಕ ನೋಡಿ. ವಿಕ್ರಾಂತಿಗೆ ಆದ ಖರ್ಚು ಸುಮಾರು 20,000 ಕೋಟಿ. ಅದು ಹಡಗಿಗೆ ಮಾತ್ರ. ಮೇಲೆ ಇಳಿಯುವ ವಿಮಾನ ಬೇರೆ. ನೌಕಾಪಡೆಗೆ ಅಂತ 26 ರಫೇಲ್ ವಿಮಾನಕ್ಕೆ 2025ರ ಏಪ್ರಿಲಿನಲ್ಲಿ ಮಾಡಿಕೊಂಡ ಒಪ್ಪಂದ ಸುಮಾರು 63,000 ಕೋಟಿಯದು. ಈ ಕಡೆ 2023ರ ಮಾರ್ಚಿನಲ್ಲಿ ಹನ್ನೊಂದು ಹೊಸ ಗಸ್ತು ಹಡಗು ಕಟ್ಟಲು ಸಹಿ ಹಾಕಿದರು. ಏಳು ಗೋವಾ ಶಿಪ್‌ಯಾರ್ಡಿಗೆ, ನಾಲ್ಕು ಕೋಲ್ಕತ್ತಕ್ಕೆ. ಒಟ್ಟು 9,781 ಕೋಟಿ. ಒಂದಕ್ಕೆ 900 ಕೋಟಿ ಒಳಗೇ ಬಂತು. ಒಂದು ವಿಕ್ರಾಂತಿನ ದುಡ್ಡಿಗೆ ಇಂಥದ್ದು ಇಪ್ಪತ್ತೆರಡು.

"ಇಪ್ಪತ್ತೆರಡು ನಾಯಿ ಸೇರಿದ್ರೆ ಒಂದು ಆನೆ ಆಗ್ತದಾ?" ಅಂದರು ಭಾವ.

ಆಗುವುದಿಲ್ಲ. ಆದರೆ ಭಾವ, ನಿಮ್ಮ ತೋಟಕ್ಕೆ ದಿನಾ ಬರುವುದು ಏನು? ಮಂಗ, ಹಂದಿ. ಅದಕ್ಕೆ ನಾಯಿ ಬೇಕು, ಗರ್ನಾಲು ಬೇಕು, ಮುಖ್ಯವಾಗಿ ಎದ್ದು ಹೋಗುವ ಜನ ಬೇಕು. ಆನೆ ಕಟ್ಟಿಕೊಂಡು ಮಂಗ ಓಡಿಸಿದವರನ್ನು ನಾನಂತೂ ನೋಡಿಲ್ಲ. ಅಕ್ಕ ಒಳಗಿನಿಂದ ನಕ್ಕಳು. ಈ ವರ್ಷ ಅವರ ತೋಟದಲ್ಲಿ ಮಂಗ ಜಾಸ್ತಿಯಂತೆ.

ನಮ್ಮ ಸಮುದ್ರದಲ್ಲೂ ದಿನಾ ಆಗುವುದು ಇಂಥದ್ದೇ. 2024ರ ಜುಲೈ ನೆನಪಿದೆಯಾ? ಭರ್ತಿ ಮಳೆಗಾಲ. ಕಾರವಾರದಿಂದ ಸುಮಾರು 50 ನಾಟಿಕಲ್ ಮೈಲು ಆಚೆ ಒಂದು ಕಂಟೇನರ್ ಹಡಗಿಗೆ ಬೆಂಕಿ ಬಿತ್ತು. ಒಳಗೆ ಅಪಾಯಕಾರಿ ಸರಕು. ಆ ಗಾಳಿ ಅಲೆಯಲ್ಲಿ ಹೋಗಿ ನೀರು ಹೊಡೆದದ್ದು ಕೋಸ್ಟ್ ಗಾರ್ಡಿನ ಸಚೇತ್, ಸುಜೀತ್, ಸಮ್ರಾಟ್ ಅನ್ನುವ ಗಸ್ತು ಹಡಗುಗಳು. ಮೇಲಿನಿಂದ ಹೆಲಿಕಾಪ್ಟರ್ ಒಣ ಪುಡಿ ಸುರಿಯುತ್ತಿತ್ತು. ಅದು ಒಡೆದು ಎಣ್ಣೆ, ಸರಕು ಎಲ್ಲ ನಮ್ಮ ದಡಕ್ಕೆ ಬಂದಿದ್ದರೆ? ಆಗಸ್ಟ್ 1ಕ್ಕೆ ಮೀನುಗಾರಿಕೆ ನಿಷೇಧ ಮುಗಿದು ಬೋಟು ಇಳಿಯಬೇಕಿತ್ತು. ಬಲೆಗೆ ಏನು ಬೀಳುತ್ತಿತ್ತೋ.

ಅದೇ 2024ರ ಜನವರಿಯಲ್ಲಿ ಸೊಮಾಲಿಯಾ ಕಡೆಯ ಕಡಲ್ಗಳ್ಳರು ಇರಾನಿನ ಎರಡು ಮೀನುಗಾರಿಕೆ ಬೋಟು ಹಿಡಿದಿದ್ದರು. ಒಂದಾದ ಮೇಲೆ ಒಂದು, ಎರಡನ್ನೂ ಬಿಡಿಸಿದ್ದು ಸುಮಿತ್ರಾ. ಮೊದಲನೆಯದರಲ್ಲಿ 17 ಇರಾನಿಗಳು, ಎರಡನೆಯದರಲ್ಲಿ 19 ಪಾಕಿಸ್ತಾನಿಗಳು. ಸುಮಿತ್ರಾ ಯಾವ ಹಡಗು? ಗೋವಾದಲ್ಲಿ ಕಟ್ಟಿದ ಗಸ್ತು ಹಡಗು. ಅದರ ಅಕ್ಕ ಸುನಯನಾ. 2025ರ ಏಪ್ರಿಲ್ 5ಕ್ಕೆ ರಕ್ಷಣಾ ಸಚಿವರು ಕಾರವಾರಕ್ಕೇ ಬಂದು ಹಸಿರು ಬಾವುಟ ತೋರಿಸಿದರಲ್ಲ, ಒಂಬತ್ತು ದೇಶದ 44 ನಾವಿಕರನ್ನು ಹತ್ತಿಸಿಕೊಂಡು ಹೊರಟಿತಲ್ಲ, ಅದು. ನೆರೆಹೊರೆಯವರ ಜೊತೆ ಸಂಬಂಧ ಬೆಳೆಸುವ ಕೆಲಸಕ್ಕೂ ಕೊನೆಗೆ ಸಿಕ್ಕಿದ್ದು ಈ ಮಧ್ಯಮ ಗಾತ್ರದ ಹಡಗೇ.

ಕಡಲ್ಗಳ್ಳರ ಫೈಬರ್ ದೋಣಿ ಹಿಂದೆ ಕ್ಷಿಪಣಿ ತುಂಬಿದ ಡಿಸ್ಟ್ರಾಯರ್ ಓಡಿಸುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಒಮ್ಮೊಮ್ಮೆ ಬೇಕಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ದಿನಾ ಓಡಿಸಿದರೆ ಆ ದೊಡ್ಡ ಇಂಜಿನ್ ಸವೆಯುವುದು ಯಾರ ಖರ್ಚಿನಲ್ಲಿ?

ಸುವರ್ಣ ತ್ರಿಭುಜದ ಮಾತು ಎತ್ತಿದಾಗ ಭಾವನೂ ಸುಮ್ಮನಾದರು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಬೋಟು. ಏಳು ಜನ, ಅದರಲ್ಲಿ ನಮ್ಮ ಜಿಲ್ಲೆಯವರೂ ಇದ್ದರು. ತಿಂಗಳುಗಟ್ಟಲೆ ಸುದ್ದಿ ಇಲ್ಲ. ಆ ದಿನಗಳಲ್ಲಿ ಬೈತಖೋಲದ ಜೆಟ್ಟಿಯಲ್ಲಿ ಬೇರೆ ಮಾತೇ ಇರಲಿಲ್ಲ. ಕೊನೆಗೆ 2019ರ ಮೇ ತಿಂಗಳಲ್ಲಿ ಮಾಲ್ವಣ್ ಎದುರಿನ ಸಮುದ್ರದ ತಳದಲ್ಲಿ ಬೋಟಿನ ಅವಶೇಷ ಹುಡುಕಿದ್ದು ನೌಕಾಪಡೆಯ ನಿರೀಕ್ಷಕ್. ಮುಳುಗುಗಾರರ ಹಡಗು. ಅದರ ಹೆಸರು ಭಾವನಿಗೆ ಗೊತ್ತಿರಲಿಲ್ಲ. ಯಾವ ಯೂಟ್ಯೂಬಿನ ಪಟ್ಟಿಯಲ್ಲೂ ಅದು ಬರುವುದಿಲ್ಲ. ಆ ಜಾತಿಯ ಹೊಸದೊಂದು, ನಿಸ್ತಾರ್, 2025ರ ಜುಲೈನಲ್ಲಿ ವಿಶಾಖಪಟ್ಟಣದಲ್ಲಿ ಸೇರಿದೆ. ನನಗೆ ಫುಜಿಯಾನ್‌ಗಿಂತ ದೊಡ್ಡ ಸುದ್ದಿ ಅದು.

ಈಗ ನನ್ನ ಕಸುಬಿನ ಮಾತು. ಸ್ವಲ್ಪ ವರ್ಷದ ಹಿಂದೆ ಒಂದು ಗಸ್ತು ದೋಣಿ ನೋಡಲು ನನ್ನನ್ನು ಕರೆದಿದ್ದರು. ಯಾರದ್ದು, ಎಲ್ಲಿಯದು ಅಂತ ಹೇಳುವುದಿಲ್ಲ. ಕರೆದವರು ಒಳ್ಳೆಯ ಜನ, ತಪ್ಪು ಅವರದ್ದಲ್ಲ. ಜೆಟ್ಟಿಗೆ ಕಟ್ಟಿದ ದೋಣಿ, ಹಗ್ಗಕ್ಕೆ ಪಾಚಿ. ತಳಕ್ಕೆ ಚಿಪ್ಪು ಕಚ್ಚಿಕೊಂಡಿತ್ತು. "ಇಂಜಿನ್ ಬಿಸಿ ಆಗ್ತದೆ, ಐದು ನಿಮಿಷಕ್ಕೆ ಬಂದ್ ಮಾಡ್ಬೇಕು" ಅಂದರು. ಸಮುದ್ರದ ನೀರೆಳೆದು ಇಂಜಿನ್ ತಣ್ಣಗಿಡುವ ಪಂಪು ಬಿಚ್ಚಿದೆ. ಒಳಗೆ ಅಂಗೈಯಷ್ಟಗಲದ ರಬ್ಬರ್ ಚಕ್ರ ಇರುತ್ತದೆ, ನಾವು ಇಂಪೆಲ್ಲರ್ ಅನ್ನುತ್ತೇವೆ. ಅದರ ಆರು ಎಸಳಿನಲ್ಲಿ ಎರಡು ಮುರಿದು ಬಿದ್ದಿತ್ತು, ಉಳಿದವು ಒಣಗಿದ ತೆಂಗಿನ ಗರಿ ಹಾಗೆ ಗಟ್ಟಿ. ಕೋಟಿಗಟ್ಟಲೆಯ ದೋಣಿ, ಕೆಲವು ಸಾವಿರದ ರಬ್ಬರು.

ನನ್ನ ಶೆಡ್ಡಿನಲ್ಲಿ ಆ ಅಳತೆಯದು ಇತ್ತು. ಹಾಕಿಕೊಡುತ್ತೇನೆ ಅಂದೆ. ಹಾಗೆಲ್ಲ ಹಾಕುವ ಹಾಗಿಲ್ಲವಂತೆ. ಕಂಪನಿಯ ಮಾಲೇ ಆಗಬೇಕು, ಟೆಂಡರ್ ಆಗಬೇಕು, ಮೇಲಿನಿಂದ ಮಂಜೂರಿ ಬರಬೇಕು. ನಾನು ಚಾ ಕುಡಿದು ವಾಪಸ್ ಬಂದೆ. ಐದಾರು ತಿಂಗಳು ಬಿಟ್ಟು ಆ ಕಡೆ ಹೋದಾಗಲೂ ದೋಣಿ ಅಲ್ಲೇ ಇತ್ತು. ಪಾಚಿ ಒಂದು ಗೇಣು ಜಾಸ್ತಿ ಆಗಿತ್ತು, ಅಷ್ಟೇ. ಬೋಟು ನಡೆಸುವ ಒಬ್ಬ ತಾಂಡೇಲ ತನ್ನ ಬೋಟನ್ನು ಹಾಗೆ ಆರು ದಿನ ಕಟ್ಟಿ ಹಾಕಿದರೆ ಖಲಾಸಿಗಳು ಬೇರೆ ಬೋಟು ಹತ್ತಿಬಿಡುತ್ತಾರೆ.

2008ರಲ್ಲಿ ಮುಂಬೈಗೆ ಬಂದ ಹತ್ತು ಜನ ಯಾವುದರಲ್ಲಿ ಬಂದರು? ಗುಜರಾತಿನ ಕುಬೇರ್ ಅನ್ನುವ ಮೀನುಗಾರಿಕೆ ಬೋಟು ಹಿಡಿದುಕೊಂಡು ಬಂದರು. ಆಗಲೂ ನಮ್ಮ ಹತ್ತಿರ ವಿಮಾನವಾಹಕ ಇತ್ತು. ಆಮೇಲೆ ತಾನೇ ಕರಾವಳಿ ಕಾವಲು ಗಟ್ಟಿ ಮಾಡಿದ್ದು, ಬೋಟಿಗೆಲ್ಲ ಬಣ್ಣ, ನಂಬರು, ನಮಗೆಲ್ಲ ಕಾರ್ಡು ಅಂತ ಬಂದದ್ದು. ಆ ಬಾಗಿಲು ಕಾಯುವುದು ಇಂಥ ಸಣ್ಣ ದೋಣಿಗಳೇ. ಅದು ಕಟ್ಟಿದ ಜಾಗದಲ್ಲೇ ಇದ್ದರೆ ಕಾರ್ಡು ನೋಡುವವರು ಯಾರು?

ಭಾವ ಸೋಲುವ ಜನ ಅಲ್ಲ. ರಿಪೇರಿ ಮಾತು ಬಂದ ತಕ್ಷಣ ಅದನ್ನೇ ಹಿಡಿದುಕೊಂಡರು. ವಿಕ್ರಮಾದಿತ್ಯ 44,500 ಟನ್ನಿನ ಹಡಗು. ಮನೆ ಇಲ್ಲಿ ಕಾರವಾರದ ಕದಂಬ ನೌಕಾನೆಲೆಯಲ್ಲಿ. ಇಲ್ಲಿ ಹಡಗನ್ನು ನೀರಿನಿಂದ ಎತ್ತುವ ಶಿಪ್ ಲಿಫ್ಟ್ ಇದೆ, 10,000 ಟನ್ ತನಕ ಎತ್ತುತ್ತದೆ. ವಿಕ್ರಮಾದಿತ್ಯನನ್ನು ಅದರ ಮೇಲೆ ಕೂರಿಸಲು ಆಗುವುದಿಲ್ಲ. 2024ರ ನವೆಂಬರಿನಲ್ಲಿ ಕೊಚ್ಚಿ ಶಿಪ್‌ಯಾರ್ಡ್ ಜೊತೆ ಅದರ ರಿಪೇರಿಗೆ ಸುಮಾರು 1,207 ಕೋಟಿಯ ಒಪ್ಪಂದ ಆಯಿತು. "ನೋಡು, ಒಂದು ರಿಪೇರಿಗೆ ಹೋದ್ರೆ ಉಳಿಯುವುದು ಒಂದೇ. ಅದಕ್ಕೇ ಮೂರು ಬೇಕು ಅನ್ನುವುದು" ಅಂದರು.

ಇದು ಸರಿಯಾದ ವಾದ. ನೌಕಾಪಡೆಯವರೂ ಬಹಳ ವರ್ಷದಿಂದ ಇದನ್ನೇ ಹೇಳುತ್ತಿದ್ದಾರೆ. 2020ರಲ್ಲಿ ಆಗಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ರಾವತ್ ಮೂರನೆಯದಕ್ಕೆ ಅವಸರ ಬೇಡ, ಜಲಾಂತರ್ಗಾಮಿ ಮೊದಲು ಅಂದಾಗಲೂ ಚರ್ಚೆ ನಿಂತದ್ದು ಇಲ್ಲೇ. ನನ್ನ ಹತ್ತಿರ ಇದಕ್ಕೆ ಪೂರ್ತಿ ಉತ್ತರ ಇಲ್ಲ. ನಾನು ಹೇಳುವುದು ಸರದಿಯ ಮಾತು. ಮೊದಲು ಗಸ್ತು ಹಡಗು, ಮುಳುಗುಗಾರರ ಹಡಗು, ಸಣ್ಣ ದೋಣಿ, ಅವುಗಳಿಗೆ ಬಿಡಿಭಾಗ, ಅವುಗಳನ್ನು ಬಿಚ್ಚಿ ಜೋಡಿಸುವ ಕೈ. ಆಮೇಲೆ ದುಡ್ಡು ಉಳಿದರೆ ಆನೆ ತನ್ನಿ.

ಇನ್ನೊಂದು ವಿಷಯಕ್ಕೂ ನನಗೆ ಹೊಟ್ಟೆ ಉರಿ ಇದೆ. ನನ್ನ ಅಜ್ಜಿಮನೆ ಅರ್ಗಾ ಕಡೆ. 1986ರಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ಅನ್ನುವ ನೌಕಾನೆಲೆ ಯೋಜನೆಗೆ ಕಲ್ಲು ಹಾಕಿದರು, 2005ರಲ್ಲಿ ಕದಂಬ ನೆಲೆ ಶುರುವಾಯಿತು. ನಡುವೆ ಗದ್ದೆ, ಮನೆ, ದೋಣಿ ಎಳೆಯುವ ಮರಳು ಎಲ್ಲ ಗೋಡೆ ಒಳಗೆ ಹೋಯಿತು. ಅಜ್ಜಿ ಸಾಯುವ ತನಕ ನಮ್ಮನ್ನು ನಿರಾಶ್ರಿತರು ಅಂತ ಕರೆದರೆ ಸಿಟ್ಟಾಗುತ್ತಿದ್ದಳು. "ನಾವು ಕೊಟ್ಟವರು, ಕೇಳಿದವರಲ್ಲ" ಅನ್ನುತ್ತಿದ್ದಳು. ಅಷ್ಟು ದೊಡ್ಡ ನೆಲೆ ಪಕ್ಕದಲ್ಲೇ ಇದ್ದೂ ನಮ್ಮ ಹುಡುಗರು ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ ಗೋವಾಕ್ಕೆ ಬಸ್ಸು ಹತ್ತುತ್ತಾರೆ. ಹಡಗಿನ ಭವಿಷ್ಯದ ಬಗ್ಗೆ ಮಾತಾಡುವಾಗ ಈ ಹುಡುಗರೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಸಂಜೆ ಹೊರಡುವಾಗ ಅಳಿಯನನ್ನು ಸಮಾಧಾನ ಮಾಡಬೇಕಿತ್ತು. ವಿಕ್ರಮಾದಿತ್ಯ ಕಾಣಲಿಲ್ಲವಲ್ಲ. ಸಮುದ್ರದ ಕಡೆ ಕೈ ತೋರಿಸಿ ಅಂಜದೀವದ ಕಥೆ ಹೇಳಿದೆ. ನಮ್ಮ ದಡದ ಎದುರಿನ ದ್ವೀಪ, ಆದರೆ 1961ರ ತನಕ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷ ನವೆಂಬರಿನಲ್ಲಿ ಅಲ್ಲಿಂದ ಗುಂಡು ಹಾರಿಸಿ ನಮ್ಮ ಮೀನುಗಾರನೊಬ್ಬನನ್ನು ಕೊಂದರು. ಡಿಸೆಂಬರಿನಲ್ಲಿ ನೌಕಾಪಡೆಯವರು ದ್ವೀಪಕ್ಕೆ ಇಳಿದರು. ಏಳು ನಾವಿಕರು ಸತ್ತರು, ದ್ವೀಪ ನಮ್ಮದಾಯಿತು. ಈಗ ಅದೇ ಹೆಸರಿನ ಹೊಸ ಹಡಗು ಬಂದಿದೆ. ದಡದ ಹತ್ತಿರದ ನೀರಿನಲ್ಲಿ ಜಲಾಂತರ್ಗಾಮಿ ಹುಡುಕುವ ಹಡಗು, 2025ರ ಡಿಸೆಂಬರ್ 22ಕ್ಕೆ ಚೆನ್ನೈಯಲ್ಲಿ ನೌಕಾಪಡೆಯ ಕೈಗೆ ಬಂತು. ಇಂಥದ್ದು ಒಟ್ಟು ಹದಿನಾರು ಕಟ್ಟುತ್ತಿದ್ದಾರೆ.

"ದೊಡ್ಡದಾ?" ಅಂದ.

"77 ಮೀಟರ್ ಚಿಲ್ಲರೆ. ಚಪಲ್‌ನ ಎರಡರಷ್ಟು."

ಸ್ವಲ್ಪ ಹೊತ್ತು ಯೋಚಿಸಿದ. ಶೆಡ್ಡಿನಿಂದ ತಂದುಕೊಟ್ಟಿದ್ದ ಹಳೇ ಇಂಪೆಲ್ಲರ್ ಒಂದನ್ನು ಬೆರಳಿನಲ್ಲಿ ತಿರುಗಿಸುತ್ತಾ ಕಾರು ಹತ್ತಿದ. ಕಿಟಕಿ ಇಳಿಸಿ, "ಅದು ಕಾರವಾರಕ್ಕೆ ಬಂದ್ರೆ ಫೋನ್ ಮಾಡು ಮಾವ, ಅಪ್ಪಂಗೆ ಹೇಳ್ಬೇಡ" ಅಂದ.