ಸಂಸದರು ಸದನದಲ್ಲಿ ಭಾಷಣ ಓದಬಹುದೇ?

ಲೋಕಸಭೆಯ ಕಲಾಪವನ್ನು ಟಿವಿಯಲ್ಲಿ ಒಂದು ದಿನ ಪೂರ್ತಿ ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಹೆಸರು ಕರೆದ ಕೂಡಲೇ ಸಂಸದರೊಬ್ಬರು ಏಳುತ್ತಾರೆ, ಕನ್ನಡಕ ಏರಿಸಿಕೊಳ್ಳುತ್ತಾರೆ, ಹಾಳೆ ಬಿಡಿಸುತ್ತಾರೆ, ತಲೆ ಎತ್ತದೆ ಓದಿ ಮುಗಿಸಿ ಕೂರುತ್ತಾರೆ. ಟಿಪ್ಪಣಿ ನೋಡಿಕೊಳ್ಳಬಹುದು, ಭಾಷಣವನ್ನೇ ಓದಬಾರದು ಎಂಬುದು ಸದನದ ಹಳೆಯ ಪದ್ಧತಿ. ಮೊದಲ ಸಲ ಮಾತಿಗೆ ಏಳುವವರಿಗೆ ರಿಯಾಯಿತಿ ಉಂಟು. ಪದ್ಧತಿ ಇದ್ದಲ್ಲೇ ಇದೆ, ಓದೂ ನಡೆದೇ ಇದೆ. ಹಾಗಾದರೆ ಓದಲು ರಾಜಾರೋಷವಾಗಿ ಬಿಡುವುದೋ, ಪದ್ಧತಿಯನ್ನು ಬಿಗಿ ಮಾಡುವುದೋ? ಕೆಳಗಿನ ಎರಡೂ ವಾದ ಬರೆದವನು ನಾನೇ. ನನ್ನ ಒಲವು ಯಾವ ಕಡೆಗೆ ಎಂಬುದನ್ನು ಅಡಗಿಸಲು ನೋಡಿದೆ, ಆಗಲಿಲ್ಲ.

ಪರ: ಹಾಳೆ ಕೈಯಲ್ಲೇ ಇರಲಿ

2024ರ ಚುನಾವಣೆಯಲ್ಲಿ ಗೆದ್ದ 543 ಮಂದಿಯಲ್ಲಿ 280 ಮಂದಿ ಲೋಕಸಭೆಗೆ ಹೊಸಬರು. ಅವರೆಲ್ಲ ವಕೀಲಿಕೆಯಲ್ಲೋ ವಿದ್ಯಾರ್ಥಿ ಸಂಘದಲ್ಲೋ ಮಾತು ಪಳಗಿಸಿಕೊಂಡು ಬಂದವರಲ್ಲ. ಊರಿನ ವೇದಿಕೆಯಲ್ಲಿ ಒಂದು ಗಂಟೆ ನಿರರ್ಗಳವಾಗಿ ಮಾತನಾಡುವವರೂ ಇಲ್ಲಿ ತಡವರಿಸುತ್ತಾರೆ. ಯಾಕೆಂದರೆ ಇಲ್ಲಿ ಸಿಗುವುದು ಕೆಲವೇ ನಿಮಿಷ. ಚರ್ಚೆಯ ಸಮಯವನ್ನು ಪಕ್ಷಗಳ ಬಲ ನೋಡಿ ಹಂಚುತ್ತಾರೆ. 543 ಸದಸ್ಯರಿಗೂ ತಲಾ ಹತ್ತು ನಿಮಿಷ ಕೊಟ್ಟರೆ 90 ಗಂಟೆ ಮೀರುತ್ತದೆ. ದಿನಕ್ಕೆ ಆರು ಗಂಟೆಯಂತೆ ಕೂತರೆ ಒಂದೇ ಮಸೂದೆಗೆ ಹದಿನೈದು ದಿನ ಬೇಕು. ಹಾಗಾಗಿ ಸಣ್ಣ ಪಕ್ಷದವರ ಪಾಲಿಗೆ ಬರುವುದು ಮೂರೋ ನಾಲ್ಕೋ ನಿಮಿಷ. ಪೀಠಿಕೆ ಮುಗಿಯುವ ಹೊತ್ತಿಗೆ ಸ್ಪೀಕರ್ ಗಂಟೆ ಬಾರಿಸಿರುತ್ತಾರೆ. ಹಾಳೆಯಲ್ಲಿ ಬರೆದುಕೊಂಡವರು ಅಷ್ಟರಲ್ಲೇ ಕ್ಷೇತ್ರದ ನಾಲ್ಕು ಮಾತು ಹೇಳಿ ಮುಗಿಸಬಲ್ಲರು.

ಭಾಷೆಯ ಕಷ್ಟವಂತೂ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಂವಿಧಾನದ 120ನೇ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ. ಎರಡೂ ಸಲೀಸಾಗಿ ಬಾರದವರು ಅನುಮತಿ ಪಡೆದು ತಾಯ್ನುಡಿಯಲ್ಲಿ ಮಾತನಾಡಬಹುದು. 1967ರಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತನಾಡಿದಾಗ ಅದೇ ಒಂದು ಸುದ್ದಿಯಾಯಿತು. ಹಿಂದಿ ಪ್ರಾಂತ್ಯದ ಸದಸ್ಯ ಮನೆಮಾತಿನಲ್ಲಿ ವಾದಿಸುತ್ತಾನೆ, ನಮ್ಮವರು ಪರೀಕ್ಷೆಗೆ ಕೂತವರಂತೆ ಒಂದೊಂದು ಪದವನ್ನೂ ತೂಗಬೇಕು. ಅವರ ಕೈಯಿಂದ ಹಾಳೆಯನ್ನೂ ಕಿತ್ತುಕೊಂಡರೆ ಉಳಿಯುವುದು ಮೌನ. ಕನ್ನಡದಲ್ಲೇ ಮಾತನಾಡುವವರಿಗೂ ಬರೆದ ಪ್ರತಿಯಿಂದ ಲಾಭವಿದೆ. ಮುಂಚಿತವಾಗಿ ಅದು ಅನುವಾದಕರ ಕೈಸೇರಿದ್ದರೆ ಉಳಿದವರ ಕಿವಿಗೆ ಬೀಳುವ ಮಾತು ಸರಿಯಾಗಿರುತ್ತದೆ.

ಇನ್ನು ಭಾಷಣ ಕೇಳಿ ಯಾರ ಮನಸ್ಸು ಬದಲಾಗುತ್ತದೆ? 1985ರಲ್ಲಿ ಪಕ್ಷಾಂತರ ನಿಷೇಧದ ಹತ್ತನೇ ಅನುಸೂಚಿ ಬಂದ ಮೇಲೆ ವಿಪ್, ಅಂದರೆ ಹೀಗೇ ಮತ ಹಾಕಿ ಎಂಬ ಪಕ್ಷದ ಆದೇಶ, ಮೀರಿ ಮತ ಹಾಕಿದವರ ಸದಸ್ಯತ್ವಕ್ಕೇ ಸಂಚಕಾರ. ಎದುರು ಕೂತವರ ಮತ ಬೆಳಿಗ್ಗೆಯೇ ನಿಗದಿಯಾಗಿರುತ್ತದೆ. ಆದ್ದರಿಂದ ಸಂಸದರು ನಿಜಕ್ಕೂ ಮಾತನಾಡುವುದು ಕಡತಕ್ಕಾಗಿ. ಕಾನೂನಿನ ಉದ್ದೇಶವೇನಿತ್ತು ಎಂದು ನ್ಯಾಯಾಲಯಗಳೂ ಸದನದ ಮಾತುಗಳನ್ನು ತೆಗೆದು ನೋಡುವುದುಂಟು. ಅಂಥ ಕಡೆ ಬಾಯ್ತಪ್ಪಿ ಲಕ್ಷ ಹೋಗಿ ಕೋಟಿ ಆಗುವುದಕ್ಕಿಂತ ನೋಡಿ ಓದುವುದು ಮೇಲಲ್ಲವೇ?

ಓದುವುದು ಕೀಳು ಎಂಬ ಭಾವನೆಯೇ ಸುಳ್ಳು. 1947ರ ಆಗಸ್ಟ್ 14ರ ರಾತ್ರಿ ನೆಹರೂ ಆಡಿದ್ದು, 1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಡಿದ್ದು, ಎರಡೂ ತಯಾರಾಗಿ ಬಂದು ಆಡಿದ ಮಾತುಗಳು. 2020ರಲ್ಲಿ ನಿರ್ಮಲಾ ಸೀತಾರಾಮನ್ ಎರಡೂವರೆ ಗಂಟೆಗೂ ಮೀರಿ ಬಜೆಟ್ ಓದಿದರು, ಕೊನೆಯ ಪುಟಗಳನ್ನು ಓದಲಾಗದೆ ಬಿಟ್ಟರು. ಬಾಯಿಪಾಠ ಮಾಡಿಕೊಂಡು ಬನ್ನಿ ಎಂದು ಅವರಿಗೆ ಯಾರೂ ಹೇಳಲಿಲ್ಲ. ಮಂತ್ರಿಗೆ ಒಂದು ನ್ಯಾಯ, ಹಿಂದಿನ ಸಾಲಿನ ಸದಸ್ಯನಿಗೆ ಇನ್ನೊಂದೇ?

ವಿರೋಧ: ಹಾಳೆ ಮೇಜಿನ ಮೇಲಿಡಿ

ಬಜೆಟ್ ಮಂಡನೆ ಚರ್ಚೆಯಲ್ಲ, ಸರ್ಕಾರದ ಹೇಳಿಕೆ. ಅದನ್ನು ಓದಲೇಬೇಕು. ಚರ್ಚೆ ಶುರುವಾಗುವುದು ಆಮೇಲೆ. ಆಗ ಎದ್ದು ನಿಂತವರು ಹಿಂದಿನ ರಾತ್ರಿ ಬರೆದದ್ದನ್ನೇ ಓದಿದರೆ ತಮಗಿಂತ ಮೊದಲು ಮಾತನಾಡಿದವರನ್ನು ಅವರು ಕೇಳಿಸಿಕೊಂಡೇ ಇಲ್ಲ ಎಂದರ್ಥ. ಮಧ್ಯಾಹ್ನ ಮಂತ್ರಿ ವಿವರಣೆ ಕೊಟ್ಟು ಮುಗಿಸಿದ ಆಕ್ಷೇಪವನ್ನೇ ಸಂಜೆ ಐದಕ್ಕೆ ಇನ್ನೊಬ್ಬರು ಹೊಸದೆಂಬಂತೆ ಎತ್ತುತ್ತಾರೆ. ಒಂದೇ ಪಕ್ಷದ ನಾಲ್ವರ ಬಾಯಲ್ಲಿ ಅದೇ ಅಂಕಿ, ಅದೇ ಗಾದೆ. ಹಾಳೆ ಬರೆದವರು ಒಬ್ಬರೇ ಇರಬೇಕೆಂಬ ಅನುಮಾನ ನೋಡುವವರಿಗೆ ಬಂದರೆ ತಪ್ಪೇನು?

ಕಡತಕ್ಕೆ ಸೇರುವುದೊಂದೇ ಉದ್ದೇಶವಾದರೆ ಎದ್ದು ನಿಲ್ಲುವ ಶ್ರಮವೇ ಬೇಡ. ಬರೆದ ಭಾಷಣವನ್ನು ಸದನದಲ್ಲಿ ಮಂಡಿಸಲು ಅನುಮತಿ ಕೊಟ್ಟು, ಅದನ್ನು ಕಲಾಪದ ವರದಿಗೆ ಸೇರಿಸುವ ಪರಿಪಾಠ ಲೋಕಸಭೆಯಲ್ಲಿ ಇದ್ದೇ ಇದೆ. ಲಕ್ಷ, ಕೋಟಿ ಏನೂ ತಪ್ಪದೆ ಅಚ್ಚಾಗುತ್ತದೆ. ಸದನದ ಸಮಯ ಈಗ ಅಷ್ಟು ಅಗ್ಗವಲ್ಲ. 1952ರಿಂದ 57ರವರೆಗಿನ ಮೊದಲ ಲೋಕಸಭೆ 677 ದಿನ ಸೇರಿತ್ತು, 2019ರಿಂದ 24ರವರೆಗಿನ ಹದಿನೇಳನೆಯದು ಸೇರಿದ್ದು 274 ದಿನ. ಉಳಿದಿರುವ ಅಷ್ಟಿಷ್ಟು ಹೊತ್ತನ್ನು ಕೈಗೆ ಕೊಟ್ಟು ಹೋಗಬಹುದಾದ ಹಾಳೆ ಓದುವುದಕ್ಕೆ ಕಳೆಯಬೇಕೇ?

ಅಂಬೇಡ್ಕರರ ನವೆಂಬರ್ 25ರ ಭಾಷಣವನ್ನು ಪರ ವಾದಿಗಳು ಎತ್ತಿಕೊಂಡಿದ್ದಾರೆ. ಒಳ್ಳೆಯದೇ. ಆ ಭಾಷಣದೊಳಗೆ ಏನಿದೆ ಎಂದೂ ನೋಡಲಿ. ಸಂವಿಧಾನದ ಕರಡಿಗೆ ಬಂದ ತಿದ್ದುಪಡಿಗಳು 7,635, ಸಭೆಯಲ್ಲಿ ನಿಜಕ್ಕೂ ಮಂಡನೆಯಾದವು 2,473 ಎಂದು ಅವರು ಲೆಕ್ಕ ಕೊಡುತ್ತಾರೆ. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಕಲಾಪ ನೀರಸವಾಗುತ್ತಿತ್ತು, ಹಾಗಾಗದಂತೆ ಕೆಲವು ಬಂಡಾಯಗಾರರು ನೋಡಿಕೊಂಡರು ಎನ್ನುತ್ತಾರೆ. ಆಮೇಲೆ ಅವರ ಹೆಸರುಗಳನ್ನೇ ಹೇಳುತ್ತಾರೆ. ಮೊದಲ ಹೆಸರು ಎಚ್.ವಿ. ಕಾಮತರದು, ಹುಟ್ಟಿದ್ದು ನಮ್ಮ ಮಂಗಳೂರಿನಲ್ಲಿ. ಸಂವಿಧಾನ ಸಭೆಯ ನಡಾವಳಿಯ ಯಾವ ಸಂಪುಟ ತೆರೆದರೂ ಕಾಮತರು ಎಲ್ಲೋ ಒಂದು ಕಡೆ ಅಡ್ಡ ಬಂದಿರುತ್ತಾರೆ. ಒಮ್ಮೊಮ್ಮೆ ಕಿರಿಕಿರಿಯಾಗುವಷ್ಟು. ಆದರೆ ಅವರು ಅಡ್ಡ ಬಂದಿದ್ದರಿಂದ ಅಂಬೇಡ್ಕರ್ ವಿವರಿಸಬೇಕಾಯಿತು, ಇವತ್ತು ನಾವು ಹುಡುಕಿ ಓದುವುದು ಆ ವಿವರಣೆಗಳನ್ನು. ಕೊನೆಯ ದಿನಗಳ ಭಾಷಣ ಬರೆದುಕೊಂಡು ಬಂದದ್ದಿರಬಹುದು. ಅದಕ್ಕೂ ಮೊದಲು ವಿಧಿ ವಿಧಿಗೂ ನಡೆದ ಜಟಾಪಟಿಯನ್ನು ಯಾರು ಮುಂಚೆಯೇ ಬರೆದಿಟ್ಟುಕೊಳ್ಳಲು ಸಾಧ್ಯವಿತ್ತು?

ಪ್ರಶ್ನೋತ್ತರ ಅವಧಿಯಲ್ಲೂ ಇದನ್ನೇ ಕಾಣಬಹುದು. ಮಂತ್ರಿ ಸದನದಲ್ಲೇ ಉತ್ತರಿಸಬೇಕಾದ, ಚುಕ್ಕೆ ಗುರುತಿನ 20 ಪ್ರಶ್ನೆಗಳು ದಿನಕ್ಕೆ ಪಟ್ಟಿಯಾಗುತ್ತವೆ, ಲಿಖಿತ ಉತ್ತರ ಅಧಿಕಾರಿಗಳು ತಯಾರಿಸಿದ್ದು. ಸ್ವಾರಸ್ಯ ಇರುವುದು ಆ ಉತ್ತರದ ಮೇಲೆ ಸದಸ್ಯರು ಅಲ್ಲೇ ಎತ್ತುವ ಉಪಪ್ರಶ್ನೆಯಲ್ಲಿ. ಅದು ಯಾವ ಕಡೆಯಿಂದ ಬರುತ್ತದೋ ಮಂತ್ರಿಗೆ ಗೊತ್ತಿರುವುದಿಲ್ಲ, ಇಲಾಖೆಯ ಮೇಲೆ ಹಿಡಿತ ಇದೆಯೋ ಇಲ್ಲವೋ ಎಂಬುದು ಆ ಅರ್ಧ ನಿಮಿಷದಲ್ಲಿ ಬಯಲಾಗುತ್ತದೆ. ಜೀವ ವಿಮಾ ನಿಗಮ ಮುಂದ್ರಾ ಎಂಬ ಉದ್ಯಮಿಯ ಕಂಪನಿಗಳ ಷೇರು ಕೊಂಡ ಹಗರಣ ಸದನದಲ್ಲಿ ಮೊದಲು ಕಾಣಿಸಿಕೊಂಡದ್ದೇ ಪ್ರಶ್ನೆಯಾಗಿ. 1957ರ ಡಿಸೆಂಬರಿನಲ್ಲಿ ಫಿರೋಜ್ ಗಾಂಧಿ ಅದನ್ನು ಹಿಡಿದು ಜಾಲಾಡಿದರು. ಆಡಳಿತ ಪಕ್ಷದವರೇ ಆಗಿದ್ದೂ ಬಿಡಲಿಲ್ಲ. 1958ರ ಫೆಬ್ರವರಿಯಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಫಿರೋಜರ ಕೈಯಲ್ಲಿ ದಾಖಲೆ ಇರಲಿಲ್ಲವೇ ಎಂದರೆ, ಇದ್ದೇ ಇತ್ತು. ದಾಖಲೆ ಇಟ್ಟುಕೊಂಡು ವಾದಿಸುವುದು ಬೇರೆ, ವಾದವನ್ನೇ ಹಾಳೆಗೆ ಒಪ್ಪಿಸಿ ಕೂರುವುದು ಬೇರೆ.

ಭಾಷೆಯ ಮಾತು ನನ್ನನ್ನೂ ತಟ್ಟುತ್ತದೆ. ಆದರೆ ಪಟೇಲರ ಉದಾಹರಣೆ ನಿಜವಾಗಿ ಯಾರ ಪರ? ಇಂಗ್ಲಿಷ್ ಹಾಳೆ ಹಿಡಿದು ಓದುವ ಬದಲು ಅವರು ಕನ್ನಡದಲ್ಲಿ ಮಾತನಾಡಿದರು. 120ನೇ ವಿಧಿ ಕೊಟ್ಟಿರುವ ಬಾಗಿಲು ಅದೇ. ಮನೆಮಾತಿನಲ್ಲಿ ಮಾತಿಗಿಳಿದ ಸಂಸದರಿಗೆ ಎದುರಿನವರು ಕೆಣಕಿದಾಗ ತಿರುಗಿಸಿ ಕೊಡಲು ಬರುತ್ತದೆ. ಬಾರದ ಭಾಷೆಯ ಹಾಳೆ ಹಿಡಿದವರು ಓದುತ್ತಿದ್ದ ಸಾಲು ಎಲ್ಲಿ ನಿಂತಿತ್ತೆಂದು ಬೆರಳಿಟ್ಟು ಹುಡುಕುತ್ತಾರೆ. ಕನ್ನಡದಿಂದ ಅನುವಾದ ಮಾಡುವವರು ಇನ್ನೂ ಬೇಕೆಂದರೆ ಕೇಳೋಣ, ಜಗಳವಾಡಿಯೇ ಕೇಳೋಣ.

ವಿಪ್ ಇರುವುದರಿಂದ ಮಾತಿಗೆ ಬೆಲೆಯಿಲ್ಲ ಎಂಬ ವಾದ ಮಾತ್ರ ನನಗೆ ಒಪ್ಪಿಗೆಯಾಗದು. ವಿಪ್ ಕಟ್ಟಿಹಾಕುವುದು ಮತವನ್ನು. ಮಸೂದೆಯ ಒಂದು ಕಲಮಿನಲ್ಲಿ ಹುಳುಕಿದೆ ಎಂದು ತೋರಿಸಿ ಮಂತ್ರಿಯಿಂದ ಭರವಸೆ ಪಡೆಯಲು ಯಾವ ವಿಪ್ಪೂ ಅಡ್ಡಿ ಬರುವುದಿಲ್ಲ. ಆ ಭರವಸೆ ಈಡೇರಿತೇ ಎಂದು ನೋಡಲು ಸದನದಲ್ಲಿ ಒಂದು ಸಮಿತಿಯೇ ಇದೆ.

ಇದಕ್ಕೆ ಹೊಸ ನಿಯಮವೇನೂ ಬೇಡ. ಮೊದಲ ಭಾಷಣದವರು ಓದಿಕೊಳ್ಳಲಿ. ಅಂಕಿ ಅಂಶ, ಕಾನೂನಿನ ಸಾಲು, ತೀರ್ಪಿನ ತುಣುಕುಗಳನ್ನು ಯಾರು ಬೇಕಾದರೂ ನೋಡಿ ಓದಲಿ. ಉಳಿದವರು ಎರಡನೇ ಪುಟ ತಿರುವಿದ ಕೂಡಲೇ ಸ್ಪೀಕರ್ ಹೀಗೆ ಹೇಳಬಹುದು: “ಅದನ್ನು ಇಲ್ಲಿ ಕೊಡಿ, ಕಡತಕ್ಕೆ ಸೇರುತ್ತದೆ. ನಿಮಗೆ ಇನ್ನೂ ಮೂರು ನಿಮಿಷ ಇದೆ. ಈಗಷ್ಟೇ ಮಾತನಾಡಿದ ಸದಸ್ಯರು ಎತ್ತಿದ ಆಕ್ಷೇಪಕ್ಕೆ ಏನು ಹೇಳುತ್ತೀರಿ?”